ಬಾಂಡ್ ಅಂದರೆ ಯಾವ ಬಾಂಡ್ ಸ್ವಾಮಿ?

"ಬಾಂಡ್ ಮೇಲೆ ಬರೆದುಕೊಟ್ಟಿದ್ದೀನಿ." ಈ ಮಾತು ಕೇಳದ ಊರು ನಮ್ಮ ಕಡೆ ಇಲ್ಲ. ಹಾಗಂದವರನ್ನು ನಿಲ್ಲಿಸಿ, "ಏನಂತ ಬರೆದುಕೊಟ್ರಿ?" ಅಂತ ಕೇಳಿ ನೋಡಿ. ಬಹಳ ಮಂದಿಯ ಉತ್ತರ ಒಂದೇ: "ಅದೇ, ಬಾಂಡ್."

ಕೈಸಾಲ ತಂದವರು ಬರೆದುಕೊಟ್ಟಿದ್ದು ಬಾಂಡ್. ಹೊಲವನ್ನು ಭೋಗ್ಯಕ್ಕೆ ಹಾಕಿದವರು ಬರೆದುಕೊಟ್ಟಿದ್ದೂ ಬಾಂಡ್. ಇನ್ನು ಮೇಲೆ ಜಗಳ ಆಡಲ್ಲ ಅಂತ ಬರೆದುಕೊಟ್ಟಿದ್ದು ಬಾಂಡ್. ಕೋರ್ಟಿನಲ್ಲಿ ನೆಂಟರಿಗೆ ಜಾಮೀನು ನಿಂತಿದ್ದು ಬಾಂಡ್. ಕಬ್ಬು ಕಡಿಯೋಕೆ ಮುಂಗಡ ಇಸ್ಕೊಂಡು ಹೆಬ್ಬೆಟ್ಟು ಒತ್ತಿದ್ದು ಬಾಂಡ್. ಮಗಳ ಹೆಸರಿಗೆ ಬಂದ ಭಾಗ್ಯಲಕ್ಷ್ಮಿಯೂ ಬಾಂಡ್.

ಆರು ಬೇರೆ ಬೇರೆ ಕಾಗದ, ಹೆಸರು ಮಾತ್ರ ಒಂದೇ. ಒಂದರಲ್ಲಿ ಮನೆಗೆ ದುಡ್ಡು ಬರುತ್ತೆ. ಇನ್ನೊಂದರಲ್ಲಿ ಹೊಲ ಹೋಗುತ್ತೆ. ಮತ್ತೊಂದರಲ್ಲಿ ಮನುಷ್ಯನೇ ಹೋಗುತ್ತಾನೆ.

ನಮ್ಮ ವಾದ ಇಷ್ಟೇ. ಸಹಿ ಹಾಕುವ ಜಾಗದಿಂದ ಈ 'ಬಾಂಡ್' ಅನ್ನುವ ಪದವನ್ನು ಓಡಿಸಬೇಕು. ಇದು ಕನ್ನಡಾಭಿಮಾನದ ಜಗಳ ಅಲ್ಲ. ಬಸ್ಸು, ಫೋನು, ಬೋರ್‌ವೆಲ್ ಎಲ್ಲ ನಮ್ಮವೇ ಆಗಿವೆ, ಇರಲಿ. ಆದರೆ ಬಸ್ಸು ಅಂದರೆ ಬಸ್ಸೇ, ಬೋರ್‌ವೆಲ್ ಅಂದರೆ ಬೋರ್‌ವೆಲ್ಲೇ. ಬಾಂಡ್ ಹಾಗಲ್ಲ. ಅದರ ಹೊಟ್ಟೆಯೊಳಗೆ ಹತ್ತು ಅರ್ಥ ಇವೆ. ಯಾವ ಅರ್ಥ ಅನ್ನೋದನ್ನು ಕಾಗದ ಬರೆಸುವವನು ತೀರ್ಮಾನ ಮಾಡುತ್ತಾನೆ, ಸಹಿ ಹಾಕುವವನಲ್ಲ.

ಒಂದು ಹೆಸರು, ಎರಡು ಹುಟ್ಟು

ಈ ಪದ ಎಲ್ಲಿಂದ ಬಂತು ಅನ್ನೋದನ್ನು ನೋಡಿದರೆ ಅದರ ಗುಣವೂ ಗೊತ್ತಾಗುತ್ತೆ. ಇಂಗ್ಲಿಷಿನಲ್ಲಿ ಬಾಂಡ್‌ಗೆ ಎರಡು ಮೂಲ ಇವೆ.

ಮೊದಲನೆಯದು ನಮಗೆ ನೆಂಟಸ್ತಿಕೆಯದ್ದು. 'ಕಟ್ಟು' ಅನ್ನುವ ಅರ್ಥದ ಬೈಂಡ್ ಅನ್ನುವ ಪದದ ಬಳಗ ಅದು. ರಬ್ಬರ್ ಬ್ಯಾಂಡ್, ಗಾಯಕ್ಕೆ ಸುತ್ತುವ ಬ್ಯಾಂಡೇಜ್, ನೋಟ್‌ಬುಕ್ಕಿನ ಬೈಂಡಿಂಗ್, ಕಾಗದದ ಬಂಡಲ್ ಎಲ್ಲ ಒಂದೇ ಮನೆಯವು. ಸಂಸ್ಕೃತದ 'ಬಂಧ' ಕೂಡ ಅದೇ ಹಳೆಯ ಬೇರಿನಿಂದ ಬಂದಿದ್ದು ಅಂತ ಭಾಷಾಶಾಸ್ತ್ರಜ್ಞರು ಬಹಳ ಹಿಂದೆಯೇ ತೋರಿಸಿದ್ದಾರೆ. ಅಂದರೆ ನಾವು ಆಡುವ ಸಂಬಂಧ, ಬಂಧು, ಬಂಧನ ಇವೆಲ್ಲ ಬಾಂಡ್‌ಗೆ ದಾಯಾದಿಗಳು. ಪಾರಸಿಯಿಂದ ಬಂದ ಬಂದ್, ಬಂದೋಬಸ್ತ್ ಕೂಡ ಅದೇ ವಂಶ.

ಗಮನಿಸಿ, ಬಂಧುವಿನಲ್ಲೂ ಕಟ್ಟು ಇದೆ, ಬಂಧನದಲ್ಲೂ ಕಟ್ಟು ಇದೆ. ಒಂದು ಕಟ್ಟು ಪ್ರೀತಿಯದ್ದು, ಇನ್ನೊಂದು ಸಂಕೋಲೆಯದ್ದು. ನಮ್ಮ ಮಾತಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇವೆ. ಮನೆಗೆ ಬಂದ ಬಂಧುವನ್ನು ಬಂಧನ ಅಂತ ಯಾರೂ ಕರೆಯಲ್ಲ. ಇಂಗ್ಲಿಷ್ ಬಾಂಡ್ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತೆ. ತಾಯಿ ಮಗುವಿನ ನಡುವೆ ಇರುವುದೂ ಬಾಂಡ್, ಸಾಲಗಾರನ ಕೊರಳಿಗೆ ಬಿದ್ದದ್ದೂ ಬಾಂಡ್.

ಎರಡನೆಯ ಮೂಲ ಕೇಳಿದರೆ ರೈತರ ಹೊಟ್ಟೆ ಉರಿಯಬೇಕು. ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ 'ಬೋಂಡಿ' ಅಂದರೆ ರೈತ. ಸ್ವಂತ ಮನೆ ಮಾಡಿಕೊಂಡು ನೆಲೆ ನಿಂತು ಉಳುವವನು ಅಂತ ಅರ್ಥ. ಅಲ್ಲಿಂದ ಅದು ಹಳೆಯ ಇಂಗ್ಲಿಷಿಗೆ 'ಬೋಂಡ' ಅಂತ ಬಂತು. ಮನೆಯ ಯಜಮಾನ ಅನ್ನುವ ಗೌರವದ ಪದ. ಗಂಡನಿಗೆ ಹೇಳುವ 'ಹಸ್ಬೆಂಡ್' ಇದೆಯಲ್ಲ, ಅದರ ಹಿಂದಿನ ತುಂಡು ಇದೇ ರೈತ: ಮನೆಯುಳ್ಳ ಬೋಂಡಿ. ಹಾಗಾಗಿಯೇ ಇಂಗ್ಲಿಷಿನಲ್ಲಿ ಬೇಸಾಯಕ್ಕೆ 'ಹಸ್ಬೆಂಡ್ರಿ' ಅನ್ನೋದು, ಪಶುಸಂಗೋಪನೆ ಇಲಾಖೆಯ ಇಂಗ್ಲಿಷ್ ಬೋರ್ಡಿನಲ್ಲಿ ಆ ಪದ ಇರೋದು.

ನಮ್ಮ 'ಒಕ್ಕಲು' ಪದಕ್ಕೆ ಇದು ಎಷ್ಟು ಹತ್ತಿರ ನೋಡಿ. ಒಕ್ಕಲು ಅಂದರೆ ವಾಸ, ಒಕ್ಕಲು ಅಂದರೆ ಮನೆತನ, ಒಕ್ಕಲುತನ ಅಂದರೆ ಬೇಸಾಯ. ಬೋಂಡಿಯ ಅರ್ಥವೂ ಹೀಗೇ.

1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ ದೊರೆಗಳು ಇಂಗ್ಲೆಂಡನ್ನು ಗೆದ್ದರು. ಭೂಮಿ ಹೊಸ ಧಣಿಗಳ ಕೈಗೆ ಹೋಯಿತು. ಸ್ವಂತ ಮನೆಯ ಯಜಮಾನನಾಗಿದ್ದ ಬೋಂಡ ಧಣಿಯ ಜಮೀನಿಗೆ ಕಟ್ಟುಬಿದ್ದ ಗೇಣಿದಾರನಾದ, ಬರಬರುತ್ತ ಜೀತದವನಾದ. ಅವನ ಜೊತೆ ಪದವೂ ಕೆಳಗಿಳಿಯಿತು. 'ಬಾಂಡೇಜ್' ಅಂದರೆ ದಾಸ್ಯ, 'ಬಾಂಡ್‌ಮ್ಯಾನ್' ಅಂದರೆ ಜೀತದಾಳು ಅಂತಾಯಿತು. 'ಕಟ್ಟು' ಅನ್ನುವ ಮೊದಲನೆಯ ಬಾಂಡ್ ಪಕ್ಕದಲ್ಲೇ ಇತ್ತು. ಎರಡೂ ಬೆರೆತು, ರೈತ ಅನ್ನುವ ಅರ್ಥ ಮಣ್ಣುಪಾಲಾಯಿತು.

ಸ್ವೀಡನ್, ನಾರ್ವೆಗಳಲ್ಲಿ ಇವತ್ತಿಗೂ 'ಬೊಂಡೆ' ಅಂದರೆ ರೈತ. ಸ್ವೀಡನ್ನಿನ ಹಳೆಯ ಸಂಸತ್ತಿನಲ್ಲಿ ಪಾದ್ರಿಗಳಿಗೆ, ಶ್ರೀಮಂತರಿಗೆ, ಪೇಟೆಯವರಿಗೆ ಇದ್ದ ಹಾಗೆ ರೈತರಿಗೇ ಒಂದು ಪ್ರತ್ಯೇಕ ಸದನ 1866ರವರೆಗೂ ಇತ್ತು. ಅಲ್ಲಿ ರೈತ ಬೀಳಲಿಲ್ಲ, ಪದವೂ ಬೀಳಲಿಲ್ಲ.

ಇದೊಂದೇ ಉದಾಹರಣೆ ಅಲ್ಲ. ಸಿನಿಮಾದ 'ವಿಲನ್' ಯಾರು ಗೊತ್ತಾ? ದೊಡ್ಡವರ ಜಮೀನಿನಲ್ಲಿ ದುಡಿಯುತ್ತಿದ್ದ ಹಳ್ಳಿಯವನು. ಲ್ಯಾಟಿನ್ನಿನಲ್ಲಿ ಜಮೀನ್ದಾರಿ ತೋಟಕ್ಕೆ 'ವಿಲ್ಲಾ', ಅಲ್ಲಿ ದುಡಿಯುವವನು 'ವಿಲ್ಲಾನಸ್'. ವಿಲೇಜ್ ಅನ್ನುವುದೂ ಅದೇ ಮೂಲದ ಪದ. ದುಡಿಯುವವನು ಖಳನಾದ, ಅವನ ದುಡಿಮೆ ತಿಂದವನು ಸಭ್ಯನಾದ. ನಾವೂ ಕಮ್ಮಿ ಇಲ್ಲ. 'ಗ್ರಾಮ್ಯ' ಅಂದರೆ ಹಳ್ಳಿಯದು, ಪಂಡಿತರ ಬಾಯಲ್ಲಿ ಅದು ಅಸಭ್ಯ ಅಂತಾಯಿತು. 'ಗಮಾರ' ಅನ್ನುವ ಬೈಗುಳದ ಮೂಲದಲ್ಲೂ ಗ್ರಾಮವೇ ಇದೆ.

ಪದದ ಅರ್ಥ ತಾನಾಗೇ ಕೆಡುವುದಿಲ್ಲ. ಕಾಗದ ಯಾರ ಕೈಯಲ್ಲಿದೆಯೋ ಅವರು ಅರ್ಥ ಬರೆಯುತ್ತಾರೆ.

ಅಗ್ರಿಮೆಂಟಿನಿಂದ ಗಿರ್ಮಿಟ್ಟು

ನಮ್ಮ ದೇಶದಲ್ಲೇ ಇದಕ್ಕೆ ದೊಡ್ಡ ಸಾಕ್ಷಿ ಇದೆ. 1834ರಿಂದ ಬ್ರಿಟಿಷರು ಇಲ್ಲಿಂದ ಕೂಲಿಕಾರರನ್ನು ಹಡಗಿನಲ್ಲಿ ತುಂಬಿ ಮಾರಿಷಸ್ಸಿಗೆ, ಆಮೇಲೆ ಕೆರಿಬಿಯನ್ ದ್ವೀಪಗಳಿಗೆ, ದಕ್ಷಿಣ ಆಫ್ರಿಕಾಕ್ಕೆ, ಫಿಜಿಗೆ ಸಾಗಿಸಿದರು. ಕಬ್ಬಿನ ತೋಟಗಳಲ್ಲಿ ಸಾಮಾನ್ಯವಾಗಿ ಐದು ವರ್ಷದ ಕರಾರು. ಓದಲು ಬಾರದವರು ಹೆಬ್ಬೆಟ್ಟು ಒತ್ತಿದ ಆ ಕಾಗದದ ಹೆಸರು 'ಅಗ್ರಿಮೆಂಟ್'. ಹಿಂದಿ, ಭೋಜಪುರಿ ಆಡುವವರ ಬಾಯಲ್ಲಿ ಅದು 'ಗಿರ್ಮಿಟ್' ಆಯಿತು, ಹೋದವರು 'ಗಿರ್ಮಿಟಿಯಾ' ಆದರು. (ನಮ್ಮ ಹುಬ್ಬಳ್ಳಿ ಚುರುಮುರಿಯ ಗಿರ್ಮಿಟ್ಟಿಗೆ ಇಲ್ಲಿ ಸಂಬಂಧ ಹುಡುಕಬೇಡಿ.)

ಅಗ್ರಿಮೆಂಟ್ ಅಂದರೆ ಇಬ್ಬರೂ ಒಪ್ಪಿದ್ದು ಅಂತ ಅರ್ಥ. ಒಪ್ಪಿದವರಿಗೆ ಏನು ಒಪ್ಪಿದ್ದೇವೆ ಅಂತ ಗೊತ್ತಿರಲಿಲ್ಲ. ಕೆಲಸ ಬಿಟ್ಟು ಹೊರಟರೆ ಜೈಲು. 1917ರಲ್ಲಿ ಹೊಸಬರನ್ನು ಸಾಗಿಸುವುದು ನಿಂತಿತು, ಅಷ್ಟರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟಿದ್ದರು. ಅರ್ಥ ತಿಳಿಯದ ಒಂದು ಪದದ ಕೆಳಗೆ ಒತ್ತಿದ ಹೆಬ್ಬೆಟ್ಟಿನ ಬೆಲೆ ಇದು.

ಇವತ್ತಿನ ಮುಂಗಡದ ಬಾಂಡ್ ಇದಕ್ಕಿಂತ ಎಷ್ಟು ದೂರ ಇದೆ? ಇಟ್ಟಿಗೆ ಗೂಡಿಗೆ, ಕಲ್ಲು ಕ್ವಾರಿಗೆ, ಕಬ್ಬಿನ ಗ್ಯಾಂಗಿಗೆ ಹೋಗುವ ಮನೆಗೆ ಮೇಸ್ತ್ರಿ ಮುಂಗಡ ಕೊಡುತ್ತಾನೆ. "ಬಾಂಡ್ ಮೇಲೆ ಸಹಿ ಹಾಕಿ" ಅನ್ನುತ್ತಾನೆ. ದುಡಿದಷ್ಟೂ ಲೆಕ್ಕ ಮುಗಿಯಲ್ಲ. ನಡುವೆ ಊರಿಗೆ ಹೋಗುತ್ತೀನಿ ಅಂದರೆ "ಬಾಂಡ್ ಇದೆ, ನೆನಪಿರಲಿ" ಅನ್ನುತ್ತಾನೆ.

ನೆನಪಿರಬೇಕಾದ್ದು ಬೇರೆ ಇದೆ. ಜೀತ ಪದ್ಧತಿ ನಿರ್ಮೂಲನೆ ಕಾಯ್ದೆ 1976ರದ್ದು. ಅದಕ್ಕೂ ಮೊದಲೇ 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂದಿತ್ತು. ಆ ಕಾಯ್ದೆ ಪ್ರಕಾರ ಸಾಲಕ್ಕಾಗಿ ಮನುಷ್ಯನನ್ನು ಕಟ್ಟಿಹಾಕುವ ಯಾವ ಕರಾರೂ ಊರ್ಜಿತವಲ್ಲ, ಅದು ಎಷ್ಟು ರೂಪಾಯಿಯ ಕಾಗದದ ಮೇಲೆ ಇದ್ದರೂ ಅಷ್ಟೇ. ಕರಾರು ಮಾತ್ರವಲ್ಲ, ಜೀತದ ಆ ಸಾಲವೂ ರದ್ದು. ಜೀತಕ್ಕೆ ಇಟ್ಟುಕೊಂಡವನಿಗೆ 3 ವರ್ಷದವರೆಗೆ ಜೈಲು. 1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಅಂತ ಹೇಳಿತು.

ಅಂದರೆ ಮೇಸ್ತ್ರಿ ಹೆದರಿಸಲು ತೋರಿಸುವ ಆ ಬಾಂಡ್ ನಿಮ್ಮ ವಿರುದ್ಧದ ಸಾಕ್ಷಿ ಅಲ್ಲ. ಅವನ ಮೇಲಿನ ಕೇಸಿಗೆ ಸಾಕ್ಷಿ. ತೆಗೆದುಕೊಂಡು ಹೋಗಬೇಕಾದ್ದು ತಹಶೀಲ್ದಾರರ, ಉಪವಿಭಾಗಾಧಿಕಾರಿಯ, ಜಿಲ್ಲಾಧಿಕಾರಿಯ ಕಚೇರಿಗೆ. ಆದರೆ ಇದನ್ನು 'ಜೀತದ ಕರಾರು' ಅಂತ ಕರೆದರೆ ತಾನೇ ಕಾನೂನು ನೆನಪಾಗೋದು? ಬಾಂಡ್ ಅಂದ ಕೂಡಲೇ ಜೀತ ಅನ್ನುವ ಮಾತು ಮಾಯ. ಹೆಸರು ಬದಲಾದರೆ ಅಪರಾಧ ವ್ಯವಹಾರ ಆಗಿಬಿಡುತ್ತೆ.

ದೊಡ್ಡವರ ಬಾಂಡ್ ಬೇರೆ

ಇನ್ನೊಂದು ತಮಾಷೆ ನೋಡಿ. ಸರ್ಕಾರವಾಗಲಿ ದೊಡ್ಡ ಕಂಪನಿಯಾಗಲಿ ಸಾಲ ಎತ್ತುವಾಗ ಹೊರಡಿಸುವ ಪತ್ರಕ್ಕೂ ಬಾಂಡ್ ಅನ್ನುತ್ತಾರೆ. ಅಲ್ಲಿ ಬಾಂಡ್ ಬರೆದುಕೊಡುವವರೇ ಸಾಲಗಾರರು, ಅದು ಯಾರ ಕೈಯಲ್ಲಿದೆಯೋ ಅವರಿಗೆ ಬಡ್ಡಿ ಬರುತ್ತೆ. ಸರ್ಕಾರ 2015ರಿಂದ ಮಾರಿದ ಚಿನ್ನದ ಬಾಂಡ್ ಕೊಂಡವರಿಗೆ ಚಿನ್ನದ ಬೆಲೆಯ ಜೊತೆಗೆ ಬಡ್ಡಿಯೂ ಸಿಗುವ ವ್ಯವಸ್ಥೆ ಇತ್ತು. ದೊಡ್ಡವರು ಸಾಲ ಮಾಡಿದರೆ ಅದಕ್ಕೆ ಹೂಡಿಕೆ ಅಂತ ಹೆಸರು. ಸಾಲ ಮಾಡಿದ್ದಕ್ಕೆ ಅವರ ಮನೆ ಮುಂದೆ ಯಾರೂ ಬಂದು ಕೂರುವುದಿಲ್ಲ.

ನಮ್ಮ ಊರುಗಳಿಗೆ ಈ ಜಾತಿಯ ಬಾಂಡ್ ಬಂದಿದ್ದು ಭಾಗ್ಯಲಕ್ಷ್ಮಿ ರೂಪದಲ್ಲಿ. 2006ರಲ್ಲಿ ಶುರುವಾದ ಯೋಜನೆ. ಬಡ ಕುಟುಂಬದ ಹೆಣ್ಣುಮಗುವಿನ ಹೆಸರಿಗೆ ಸರ್ಕಾರ ಹಣ ಇಟ್ಟು, 18 ತುಂಬಿದ ಮೇಲೆ ಕೊಡುತ್ತೇನೆ ಅಂತ ಬರೆದುಕೊಟ್ಟ ಪತ್ರ. ಶಾಲೆ ಬಿಡಿಸಬಾರದು, 18ಕ್ಕೆ ಮೊದಲು ಮದುವೆ ಮಾಡಬಾರದು ಅನ್ನುವ ಷರತ್ತುಗಳಿವೆ. ಇಲ್ಲಿ ಕೊಡಬೇಕಾದವರು ಸರ್ಕಾರ, ಪಡೆಯಬೇಕಾದವಳು ಹುಡುಗಿ. ಅದೇ ಮನೆಯ ಟ್ರಂಕಿನಲ್ಲಿ ಅದೇ ಹೆಸರಿನ ಇನ್ನೊಂದು ಕಾಗದದಲ್ಲಿ ಕೊಡಬೇಕಾದವರು ಅವಳ ಅಪ್ಪ. ಒಂದು ಮನೆಯ ಜಮಾ, ಒಂದು ಮನೆಯ ಖರ್ಚು, ಎರಡಕ್ಕೂ ಬಾಂಡ್ ಅಂದರೆ ಲೆಕ್ಕ ಹಾಕುವುದು ಹೇಗೆ?

ಪದದ ಮರೆಯಲ್ಲಿ ಆಟ ಆಡುವುದು ಹಳ್ಳಿಯ ಸಾಹುಕಾರ ಮಾತ್ರ ಅಲ್ಲ. 2018ರಲ್ಲಿ ಬಂದ ಚುನಾವಣಾ ಬಾಂಡ್ ನೆನಪಿಸಿಕೊಳ್ಳಿ. ಸ್ಟೇಟ್ ಬ್ಯಾಂಕಿನಲ್ಲಿ ಒಂದು ಸಾವಿರದಿಂದ ಒಂದು ಕೋಟಿ ರೂಪಾಯಿವರೆಗಿನ ಬಾಂಡ್ ಕೊಂಡು ಪಕ್ಷಗಳಿಗೆ ಕೊಡಬಹುದಿತ್ತು. ಯಾರು ಕೊಟ್ಟರು ಅಂತ ಮತದಾರರಿಗೆ ತಿಳಿಯುತ್ತಿರಲಿಲ್ಲ. ಅದರಲ್ಲಿ ಸಾಲ ಇರಲಿಲ್ಲ, ಬಡ್ಡಿ ಇರಲಿಲ್ಲ, ವಾಪಸು ಕೊಡುವ ಮಾತಂತೂ ಇರಲೇ ಇಲ್ಲ. ಅದು ಶುದ್ಧ ದೇಣಿಗೆ. 'ಗುಟ್ಟಿನ ದೇಣಿಗೆ ಚೀಟಿ' ಅಂತ ಹೆಸರಿಟ್ಟಿದ್ದರೆ ಸಂತೆಯಲ್ಲಿ ತರಕಾರಿ ಮಾರುವವರೂ ಮೊದಲ ದಿನವೇ ಪ್ರಶ್ನೆ ಕೇಳುತ್ತಿದ್ದರು. ಬಾಂಡ್ ಅಂದದ್ದಕ್ಕೆ ಏನೋ ಬ್ಯಾಂಕಿನ ವಿಷಯ ಅಂತ ಸುಮ್ಮನಿದ್ದೆವು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದು ಸಂವಿಧಾನಕ್ಕೆ ವಿರುದ್ಧ ಅಂತ ರದ್ದು ಮಾಡಿತು.

ಕಾಗದವೇ ಬಾಂಡ್ ಅಲ್ಲ

ನಮ್ಮಲ್ಲಿ ಇನ್ನೊಂದು ಗಟ್ಟಿ ನಂಬಿಕೆ ಇದೆ. ಛಾಪಾ ಕಾಗದವೇ ಬಾಂಡ್, ಅದರ ಮೇಲೆ ಬರೆದದ್ದೆಲ್ಲ ಕಲ್ಲಿನ ಮೇಲೆ ಕೊರೆದ ಹಾಗೆ ಅಂತ. ಇದು ತಪ್ಪು. ಛಾಪಾ ಕಾಗದ, ಈಗಿನ ಇ-ಸ್ಟಾಂಪ್, ಸರ್ಕಾರಕ್ಕೆ ತೆರಿಗೆ ಕಟ್ಟಿದ್ದಕ್ಕೆ ಗುರುತು. ಬರೆದದ್ದು ನಿಜವೋ ಸುಳ್ಳೋ, ಕಾನೂನಿಗೆ ಒಪ್ಪುತ್ತದೋ ಇಲ್ಲವೋ ಅದು ಹೇಳುವುದಿಲ್ಲ. ಆ ಕಾಗದದ ಮೇಲಿನ ನಮ್ಮ ಕುರುಡು ಭಕ್ತಿಯ ಬೆಲೆ ತೆಲಗಿ ಹಗರಣದಲ್ಲಿ ದೇಶವೇ ಕಂಡಿದೆ. ಖಾನಾಪುರ ಕಡೆಯಿಂದ ಹೋದ ಒಬ್ಬ ಮನುಷ್ಯ ನಕಲಿ ಛಾಪಾ ಕಾಗದ ಅಚ್ಚು ಹಾಕಿಸಿ ಹಲವು ರಾಜ್ಯಗಳಲ್ಲಿ ಮಾರಿದ್ದ.

ಕಾನೂನಿನ ಪ್ರಕಾರ ಬಾಂಡ್ ಅನ್ನುವುದು ಬಹಳ ಸಣ್ಣ ವಸ್ತು. 1899ರ ಭಾರತೀಯ ಸ್ಟಾಂಪ್ ಕಾಯ್ದೆ ಅದನ್ನು ವಿವರಿಸುತ್ತೆ. ಸಾಕ್ಷಿಗಳ ಸಹಿಯೊಂದಿಗೆ ಇಷ್ಟು ಹಣ ಕೊಡುತ್ತೇನೆ ಅಂತ ಬರೆದುಕೊಟ್ಟದ್ದು ಬಾಂಡ್. ಇಂಥ ಕೆಲಸ ಮಾಡಿದರೆ ಅಥವಾ ಮಾಡದಿದ್ದರೆ ಕೊಡಬೇಕಿಲ್ಲ ಅನ್ನುವ ಷರತ್ತಿನ ಮೇಲೆ ಹಣಕ್ಕೆ ಒಪ್ಪಿಕೊಂಡದ್ದೂ ಬಾಂಡ್. ಮೂರನೆಯದು ನಮ್ಮದೇ: ಸಾಕ್ಷಿ ಹಾಕಿಸಿ, ಧಾನ್ಯ ಅಥವಾ ಬೇರೆ ಬೆಳೆ ಅಳೆದು ಕೊಡುತ್ತೇನೆ ಅಂತ ಬರೆದುಕೊಟ್ಟದ್ದು. ಇಷ್ಟೇ. ಹೊಲದ ಕ್ರಯ ಇದರಲ್ಲಿಲ್ಲ.

ಹೊಲದ ಕ್ರಯ ಆಗಬೇಕಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. 'ಬಾಂಡ್ ಮೇಲೆ ಬರೆಸಿಕೊಂಡು' ಸೈಟು ಕೊಂಡವರು ಪೂರ್ತಿ ದುಡ್ಡು ಕೊಟ್ಟಿದ್ದರೂ ಕಾನೂನಿನ ಕಣ್ಣಲ್ಲಿ ಮಾಲೀಕರಾಗಿಲ್ಲ. ಅದೇ ರೀತಿ ಉಲ್ಟಾ ಕೂಡ ಆಗುತ್ತೆ. "ಸಾಲಕ್ಕೆ ಒಂದು ಬಾಂಡ್ ಮಾಡಿಸೋಣ ಬನ್ನಿ" ಅಂತ ಕರೆದುಕೊಂಡು ಹೋಗಿ, ಅದೇ ಕಚೇರಿಯಲ್ಲಿ ಶುದ್ಧ ಕ್ರಯಪತ್ರಕ್ಕೆ ಸಹಿ ಹಾಕಿಸುವವರಿದ್ದಾರೆ. ಸಾಲ ತೀರಿಸಲು ಹೋದಾಗ ಪಹಣಿಯಲ್ಲಿ ಹೆಸರು ಬದಲಾಗಿರುತ್ತೆ. ಬಾಯಿ ಮಾತಿನಲ್ಲಿ ಸಾಲ ಅಂದಿದ್ದರು ಅಂತ ಆಮೇಲೆ ಹೇಳಿದರೆ, ಬರಹದ ಮುಂದೆ ಬಾಯಿ ಮಾತು ನಿಲ್ಲಿಸುವುದು ಬಹಳ ಕಷ್ಟ.

ಖಾಲಿ ಕಾಗದ, ಖಾಲಿ ಚೆಕ್ಕಿನ ಕಥೆಯೂ ಅಷ್ಟೇ. ಸಹಿ ಮಾಡಿದ ಖಾಲಿ ಚೆಕ್ಕನ್ನು ನೀವಾಗಿ ಕೊಟ್ಟಿದ್ದರೆ, ಮೊತ್ತವನ್ನು ಬೇರೆಯವರು ತುಂಬಿದ್ದರೂ ಹೊಣೆ ಇಲ್ಲ ಅಂತ ನೀವೇ ಸಾಬೀತು ಮಾಡಬೇಕು. 2019ರ ಸುಪ್ರೀಂ ಕೋರ್ಟ್ ತೀರ್ಪು ಇದನ್ನೇ ಹೇಳಿದೆ.

"ಜನರಿಗೆ ಗೊತ್ತಿರೋ ಪದವೇ ಅದು"

ಈ ವಾದ ಮುಂದಿಟ್ಟಾಗ ಬರುವ ಉತ್ತರ ಇದು. "ಬಾಂಡ್ ಅಂದರೆ ಎಲ್ಲರಿಗೂ ಗೊತ್ತು, ಕನ್ನಡ ಪದ ಹೇಳಿದರೆ ಯಾರಿಗೆ ಅರ್ಥವಾಗುತ್ತೆ?"

ಎಲ್ಲರಿಗೂ ಗೊತ್ತಿರುವುದು ಪದದ ಸದ್ದು. ಅರ್ಥ ಗೊತ್ತಿದ್ದರೆ ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರುತ್ತಿತ್ತು.

ಅಚ್ಚಗನ್ನಡವೇ ಬೇಕು ಅಂತಲೂ ನಾವು ಹೇಳುತ್ತಿಲ್ಲ. ಕರಾರು, ಜಾಮೀನು, ಮುಚ್ಚಳಿಕೆ ಇವೆಲ್ಲ ಸುಲ್ತಾನರ, ಪೇಶ್ವೆಗಳ ಕಾಲದ ಕಚೇರಿಗಳಿಂದ ಬಂದ ಹೊರಗಿನ ಪದಗಳೇ. ಆದರೂ ಅವು ಒಳ್ಳೆಯ ಪದಗಳು. ಯಾಕೆಂದರೆ ಒಂದೊಂದೂ ಒಂದೊಂದೇ ಕೆಲಸ ಹೇಳುತ್ತೆ. ಜಾಮೀನು ಅಂದರೆ ಬೇರೆಯವರ ಹೊಣೆ ನನ್ನ ತಲೆ ಮೇಲೆ. ಮುಚ್ಚಳಿಕೆ ಅಂದರೆ ಇನ್ನು ಮುಂದೆ ತಪ್ಪು ಮಾಡಲ್ಲ ಅನ್ನುವ ಮಾತು. ಭೋಗ್ಯ ಅಂದರೆ ದುಡ್ಡು ತೀರುವ ತನಕ ಅನುಭೋಗ ಅವರದ್ದು, ಹೊಲ ನನ್ನದು. ಕ್ರಯ ಅಂದರೆ ಹೊಲವೇ ಅವರದ್ದು. ಭೋಗ್ಯಕ್ಕೂ ಕ್ರಯಕ್ಕೂ ವ್ಯತ್ಯಾಸ ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ಶಾಲೆಗೆ ಹೋಗದಿದ್ದರೂ. ಎಸ್‌ಎಸ್‌ಎಲ್‌ಸಿ ಓದಿದ ಮೊಮ್ಮಗ ಎರಡಕ್ಕೂ ಬಾಂಡ್ ಅನ್ನುತ್ತಾನೆ. ಇದನ್ನು ತಿಳಿವಳಿಕೆ ಬೆಳೆಯಿತು ಅನ್ನೋಣವೋ, ಕಳೆಯಿತು ಅನ್ನೋಣವೋ?

ಏನು ಮಾಡಬೇಕು

ಮೊದಲನೆಯದು ನಮ್ಮ ಕೈಯಲ್ಲೇ ಇದೆ. ಯಾರೇ "ಬಾಂಡ್‌ಗೆ ಸಹಿ ಹಾಕಿ" ಅಂದರೆ ನಾಲ್ಕು ಪ್ರಶ್ನೆ ಕೇಳಿ.

ಇದರ ಹೆಸರೇನು: ಸಾಲಪತ್ರವೋ, ಭೋಗ್ಯವೋ, ಕ್ರಯವೋ, ಜಾಮೀನೋ, ಮುಚ್ಚಳಿಕೆಯೋ?

ಯಾರು ಯಾರಿಗೆ ಏನು ಕೊಡಬೇಕು, ಯಾವಾಗ?

ಕೊಡದಿದ್ದರೆ ನನ್ನಿಂದ ಏನು ಹೋಗುತ್ತೆ?

ನನಗೊಂದು ಪ್ರತಿ ಎಲ್ಲಿ?

ಇ-ಸ್ಟಾಂಪ್ ಆದರೆ ಮೇಲ್ಗಡೆ ಯಾವ ಬಗೆಯ ದಸ್ತಾವೇಜು, ಮೊದಲ ಪಾರ್ಟಿ ಯಾರು, ಎರಡನೆಯ ಪಾರ್ಟಿ ಯಾರು ಅಂತ ಅಚ್ಚಾಗಿರುತ್ತೆ, ಅದೂ ಇಂಗ್ಲಿಷಿನಲ್ಲಿ. ಫೋನಿನಲ್ಲಿ ಫೋಟೊ ತೆಗೆದು ಓದಬಲ್ಲ ಮಕ್ಕಳಿಗೆ ಕಳಿಸಿ, ಉತ್ತರ ಬಂದ ಮೇಲೆ ಪೆನ್ನು ಹಿಡಿಯಿರಿ. "ಫೋಟೊ ತೆಗೀಬೇಡಿ" ಅಂದರೆ ಎದ್ದು ಬನ್ನಿ.

ಎರಡನೆಯದು ಸಾಲ ಕೊಡುವ ಸಂಸ್ಥೆಗಳಿಗೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕಾಗದ ಇರಬೇಕು ಅನ್ನೋದು ನಮ್ಮ ಬೇಡಿಕೆ ಅಲ್ಲ, ರಿಸರ್ವ್ ಬ್ಯಾಂಕಿನ ನಿಯಮ. 2022ರ ಕಿರುಸಾಲ ನಿಯಮದ ಪ್ರಕಾರ ಸಾಲದ ಕಾರ್ಡು ಆ ಭಾಷೆಯಲ್ಲೇ ಇರಬೇಕು, ಕಿರುಸಾಲಕ್ಕೆ ಏನನ್ನೂ ಅಡ ಇಡಿಸಿಕೊಳ್ಳುವಂತಿಲ್ಲ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯವೇ 2025ರಲ್ಲಿ ಪ್ರತ್ಯೇಕ ಕಾನೂನು ತಂದಿದೆ. ಹೀಗಿರುವಾಗ ಸಂಘದ ಹೆಣ್ಣುಮಕ್ಕಳ ಮುಂದೆ ಇಂಗ್ಲಿಷ್ ಹಾಳೆ ಇಟ್ಟು, ಟಿಕ್ ಹಾಕಿದ ಕಡೆಯಲ್ಲೆಲ್ಲ ಸಹಿ ಹಾಕಿ ಅನ್ನುವುದು ನಿಯಮ ಮುರಿದ ಹಾಗೆ. ಅದನ್ನು ಸಿಬ್ಬಂದಿಯ ಅವಸರ ಅಂತ ಮಾಫಿ ಮಾಡಬೇಕಿಲ್ಲ.

ಮೂರನೆಯದು ಸರ್ಕಾರಕ್ಕೆ. ಇ-ಸ್ಟಾಂಪಿನ ತಲೆಬರಹ ಕನ್ನಡದಲ್ಲಿ ಬರಲಿ. ದಸ್ತಾವೇಜಿನ ಹೆಸರು ದಪ್ಪಕ್ಷರದಲ್ಲಿ ಇರಲಿ: 'ಇದು ಕ್ರಯಪತ್ರ. ಸಹಿ ಹಾಕಿದರೆ ಆಸ್ತಿ ನಿಮ್ಮದಲ್ಲ.' ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಹಾಕಿಸಲು ಆಗುತ್ತೆ ಅಂದರೆ, ಹೊಲ ಹೋಗುವ ಕಾಗದದ ಮೇಲೆ ಯಾಕೆ ಆಗಲ್ಲ? ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಗ್ರಾಮಸಭೆಗಳಲ್ಲಿ ಇಂಥ ಕಾಗದ ಓದಿ ಹೇಳುವ ಒಬ್ಬರನ್ನು ಕೂರಿಸಲು ದೊಡ್ಡ ಬಜೆಟ್ಟೂ ಬೇಕಿಲ್ಲ.

ಬೋಂಡಿ ಅನ್ನುವ ರೈತ ಬಾಂಡ್ ಅನ್ನುವ ಜೀತದವನಾಗಲು ಇಂಗ್ಲೆಂಡಿನಲ್ಲಿ ಒಂದು ಯುದ್ಧ, ಹಲವು ತಲೆಮಾರು ಬೇಕಾದವು. ನಮ್ಮಲ್ಲಿ ಅದೇ ಕೆಲಸಕ್ಕೆ ಒಂದು ಹಾಳೆ, ಒಂದು ಇಂಕ್ ಪ್ಯಾಡು, ಐದು ನಿಮಿಷ ಸಾಕಾಗುತ್ತಿದೆ. ಮುಂದಿನ ಸಲ ಯಾರಾದರೂ ಆ ಹಾಳೆ ಮುಂದಿಟ್ಟಾಗ ನಾಚಿಕೆ ಬಿಟ್ಟು, ಹತ್ತು ಜನರ ಎದುರಿಗೇ ಜೋರಾಗಿ ಕೇಳಿ: ಬಾಂಡ್ ಅಂದರೆ ಯಾವ ಬಾಂಡ್ ಸ್ವಾಮಿ?